ಸ್ನೋಮೊಬೈಲ್‌ಗಳನ್ನು ಎಳೆದುಕೊಂಡು ಕುಕ್ ಸಿಟಿಯವರೆಗೆ

ಮುಂದೆ ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಓಡುವ ಮೋಟಾರು ಗಾಡಿ ಸ್ನೋಮೊಬೈಲ್. ಅದನ್ನು ಓಡಿಸುವುದಕ್ಕೆ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಜಾಗಕ್ಕೇನೂ ಕೊರತೆಯಿಲ್ಲ. ಸ್ನೋಮೊಬೈಲ್ ಕಂಪನಿಗಳಾದ ಪೊಲಾರಿಸ್ ಹುಟ್ಟಿದ ರೋಸೋ, ಆರ್ಕ್ಟಿಕ್ ಕ್ಯಾಟ್ ಹುಟ್ಟಿದ ಥೀಫ್ ರಿವರ್ ಫಾಲ್ಸ್, ಎರಡೂ ಈ ರಾಜ್ಯದ ಉತ್ತರದ ಊರುಗಳೇ. ಆದರೆ ಇದು ಸಮತಟ್ಟು ನಾಡು. ಹೆಪ್ಪುಗಟ್ಟಿದ ಕೆರೆಯ ಮೇಲೆ, ಕಾಡಿನ ನಡುವಿನ ಹದ ಮಾಡಿದ ಹಾದಿಯಲ್ಲಿ ಓಡಿಸುವ ಸುಖ ಒಂದು ಬಗೆಯದು. ಬೆಟ್ಟದ ಪುಡಿಹಿಮದಲ್ಲಿ ಗಾಡಿಯನ್ನು ಓರೆ ಮಾಡಿಕೊಂಡು ಮೇಲೇರುವ ಸುಖವೇ ಬೇರೆ. ಆ ಬೆಟ್ಟಕ್ಕಾಗಿ ನಾವು ಮೂವರು ಗೆಳೆಯರು ಫೆಬ್ರವರಿಯಲ್ಲಿ ಮಿನಿಯಾಪೊಲಿಸ್‌ನಿಂದ ಮೊಂಟಾನಾದ ಕುಕ್ ಸಿಟಿಗೆ ಹೊರಟೆವು. ದೂರ ಸುಮಾರು 1,700 ಕಿಲೋಮೀಟರ್. ಮೂರು ಸ್ನೋಮೊಬೈಲ್, ಒಂದು ಪಿಕಪ್ ಟ್ರಕ್, ಹಿಂದೆ ಒಂದು ಟ್ರೇಲರ್.

ಇಂಥ ಪ್ರವಾಸದ ಕಥೆಯನ್ನು ಎಲ್ಲರೂ ಬೆಟ್ಟದಿಂದಲೇ ಶುರು ಮಾಡುತ್ತಾರೆ. ನನಗೆ ಮಾತ್ರ ದಾರಿಯ ಬಗ್ಗೆಯೇ ಹೇಳಬೇಕಾದ್ದು ಹೆಚ್ಚಿದೆ. ಗಾಡಿ ಬೆಟ್ಟದ ಬುಡಕ್ಕೆ ಯಾವ ಸ್ಥಿತಿಯಲ್ಲಿ ತಲುಪುತ್ತದೋ ಸವಾರಿಯೂ ಹಾಗೇ ಇರುತ್ತದೆ.

ಮೊದಲ ಚರ್ಚೆ ನಡೆದದ್ದು ತೆರೆದ ಟ್ರೇಲರೋ ಮುಚ್ಚಿದ ಟ್ರೇಲರೋ ಎಂಬ ಬಗ್ಗೆ. ತೆರೆದದ್ದು ಹಗುರ, ಗಾಳಿಗೆ ಹೆಚ್ಚು ಅಡ್ಡ ನಿಲ್ಲುವುದಿಲ್ಲ, ಇಂಧನವೂ ಉಳಿಯುತ್ತದೆ. ಆದರೆ ಚಳಿಗಾಲದ ಹೆದ್ದಾರಿಯ ಮೇಲೆ ಸುರಿಯುವ ಉಪ್ಪು ಮತ್ತು ಕ್ಲೋರೈಡ್ ದ್ರಾವಣ ಟ್ರಕ್ಕಿನ ಚಕ್ರದಿಂದ ಸಿಡಿದು ದಾರಿಯುದ್ದಕ್ಕೂ ಗಾಡಿಗೆ ರಾಚುತ್ತದೆ. ಸ್ನೋಮೊಬೈಲ್‌ನ ಚೌಕಟ್ಟಿನ ಬಹುಪಾಲು ಅಲ್ಯೂಮಿನಿಯಂ. ಎಂಜಿನ್ ತಣಿಸುವ ಹೀಟ್ ಎಕ್ಸ್‌ಚೇಂಜರ್‌ಗಳಿಗೂ ವಿದ್ಯುತ್ ಜೋಡಣೆಗಳಿಗೂ ಆ ನೀರು ಒಳ್ಳೆಯದಲ್ಲ. ಕೊನೆಗೆ ಮುಚ್ಚಿದ ಟ್ರೇಲರ್ ಬಾಡಿಗೆಗೆ ತಂದೆವು. ಅದರಿಂದ ಗಾಳಿಯ ತೊಂದರೆ ಹೆಚ್ಚುತ್ತದೆಂದು ಗೊತ್ತಿದ್ದೇ ತಂದದ್ದು.

ತುಂಬುವ ಕೆಲಸಕ್ಕೆ ಅವಸರ ಮಾಡಬಾರದು. ಪೆಟ್ರೋಲ್ ತುಂಬಿದ ಬೆಟ್ಟದ ಗಾಡಿಯೊಂದು ಸುಮಾರು 240 ಕಿಲೋ ತೂಗುತ್ತದೆ. ಟ್ರೇಲರಿನ ಒಟ್ಟು ಭಾರದ ಶೇಕಡಾ 10ರಿಂದ 15ರಷ್ಟು ಹಿಚ್‌ನ ಮೇಲೆ, ಅಂದರೆ ಅದನ್ನು ಟ್ರಕ್ಕಿಗೆ ಸೇರಿಸುವ ಕೊಂಡಿಯ ಮೇಲೆ ಕೂರಬೇಕು. ಭಾರ ಹಿಂದಕ್ಕೆ ಜಾಸ್ತಿಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ, ಆಮೇಲೆ ಅದನ್ನು ಹಿಡಿತಕ್ಕೆ ತರುವುದು ಕಷ್ಟ. ಎರಡು ಗಾಡಿಗಳನ್ನು ಮುಂದೆ ಅಕ್ಕಪಕ್ಕ, ಮೂರನೆಯದನ್ನು ಅವುಗಳ ಹಿಂದೆ ನಟ್ಟನಡುವೆ ನಿಲ್ಲಿಸಿದೆವು. ಸ್ಕೀಗಳ ಮೇಲೆ ಅಡ್ಡಪಟ್ಟಿ ಹಾಕಿ ತಿರುಪು ಬಿಗಿದು, ಹಿಂದಿನ ಬಂಪರ್‌ಗೆ ರ‍್ಯಾಚೆಟ್ ಬೆಲ್ಟ್ ಕಟ್ಟಿದೆವು. ಬೆಲ್ಟನ್ನು ಸಸ್ಪೆನ್ಷನ್ ಪೂರ್ತಿ ಕುಸಿಯುವಷ್ಟು ಬಿಗಿಯುವವರಿದ್ದಾರೆ. ಗಂಟೆಗಟ್ಟಲೆ ಸ್ಪ್ರಿಂಗ್‌ಗಳನ್ನು ಅದುಮಿಡುವ ಅಗತ್ಯವಿಲ್ಲ, ಗಾಡಿ ಕುಪ್ಪಳಿಸದಿದ್ದರೆ ಸಾಕು. ಒಳಗೆ ಎಂಜಿನ್ ಚಾಲೂ ಮಾಡುವಾಗ ಎರಡೂ ಬಾಗಿಲು ತೆರೆದೇ ಇರಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಲು ಹೆಚ್ಚು ಹೊತ್ತು ಬೇಡ.

ಇಂಟರ್‌ಸ್ಟೇಟ್ 94 ಹಿಡಿದು ಫಾರ್ಗೋ ದಾಟಿದರೆ ಮುಂದೆ ನಾರ್ತ್ ಡಕೋಟಾದ ಉದ್ದಕ್ಕೂ ಸುಮಾರು 565 ಕಿಲೋಮೀಟರ್ ಬಯಲು. ಇಲ್ಲಿ ಆಕಾಶದಿಂದ ಹಿಮ ಬೀಳದೆಯೂ ದಾರಿ ಕಾಣದಂತಾಗಬಹುದು. ನೆಲದ ಮೇಲಿನ ಹಿಮವನ್ನೇ ಗಾಳಿ ಎತ್ತಿ ರಸ್ತೆಗೆ ಅಡ್ಡ ಬೀಸುತ್ತದೆ. ಬಿರುಗಾಳಿ ಜೋರಾದರೆ ಹೆದ್ದಾರಿಯ ಪ್ರವೇಶಗಳಿಗೆ ಗೇಟು ಹಾಕಿಬಿಡುತ್ತಾರೆ. ನಮಗೆ ಅದೃಷ್ಟವಿತ್ತು, ಮೈನಸ್ 22 ಡಿಗ್ರಿ ಚಳಿಯಿದ್ದರೂ ಆಕಾಶ ತಿಳಿಯಾಗಿತ್ತು. ಜೇಮ್ಸ್‌ಟೌನ್‌ನಲ್ಲಿ 1959ರಲ್ಲಿ ಕಟ್ಟಿದ ಕಾಂಕ್ರೀಟಿನ ದೈತ್ಯ ಕಾಡೆಮ್ಮೆ, ನ್ಯೂ ಸೇಲಂನ ಗುಡ್ಡದ ಮೇಲೆ 1974ರ ದೈತ್ಯ ಹಾಲಿನ ಹಸು. ಬಯಲಿನಲ್ಲಿ ಕಣ್ಣಿಗೆ ಹಿಡಿಯುವಂಥದ್ದು ಏನಿದ್ದರೂ ಮನಸ್ಸಿಗೆ ಹಿತವಾಗುತ್ತದೆ.

ಆ ಬಯಲಲ್ಲಿ ನನಗೆ ಎಡ್ಗರ್ ಹೆಟೀನ್ ನೆನಪಾಗುತ್ತಿದ್ದರು. ಪೊಲಾರಿಸ್ ಸ್ಥಾಪಕರಲ್ಲಿ ಒಬ್ಬರಾದ ಅವರು 1960ರಲ್ಲಿ ಸಂಗಡಿಗರೊಂದಿಗೆ ಅಲಾಸ್ಕಾದ ಬೆಥೆಲ್‌ನಿಂದ ಫೇರ್‌ಬ್ಯಾಂಕ್ಸ್‌ವರೆಗೆ ಸುಮಾರು 1,900 ಕಿಲೋಮೀಟರ್ ದೂರವನ್ನು ಆ ಕಾಲದ ಸ್ನೋಮೊಬೈಲ್‌ಗಳನ್ನೇ ಓಡಿಸಿಕೊಂಡು ಮುಗಿಸಿದ್ದರು. ನಾವು ಎಳೆದುಕೊಂಡು ಹೋಗುತ್ತಿದ್ದ ದೂರ ಅದಕ್ಕಿಂತ ಕಡಿಮೆ.

ಪೆಟ್ರೋಲ್‌ಗೆ ನಿಂತಾಗಲೆಲ್ಲ ಒಂದು ಕೆಲಸ ತಪ್ಪದೆ ಮಾಡುತ್ತಿದ್ದೆವು: ಗ್ಲೌಸ್ ತೆಗೆದು ಟ್ರೇಲರಿನ ನಾಲ್ಕೂ ಹಬ್‌ಗಳನ್ನು, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗಗಳನ್ನು, ಮುಟ್ಟಿ ನೋಡುವುದು. ಟ್ರೇಲರಿನ ಚಕ್ರ ಚಿಕ್ಕದು, ಟ್ರಕ್ಕಿನ ಚಕ್ರಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ವರ್ಷದ ಬಹುಪಾಲು ನಿಂತಲ್ಲೇ ನಿಂತಿರುವುದರಿಂದ ಬೇರಿಂಗ್ ಒಳಗೆ ತೇವ ಸೇರಿಕೊಂಡಿರಬಹುದು. ಬೇರಿಂಗ್ ಕೆಟ್ಟರೆ ಹಬ್ ಕಾಯುತ್ತದೆ. ಮೊಂಟಾನಾದ ಗ್ಲೆಂಡೈವ್‌ನಲ್ಲಿ ಮೂರು ಹಬ್ ಉಗುರುಬೆಚ್ಚಗಿದ್ದವು. ಬಲಗಡೆ ಹಿಂದಿನದರ ಮೇಲೆ ಕೈ ಇಡಲಾಗಲಿಲ್ಲ.

ಗೆಳೆಯನೊಬ್ಬ ಮೊದಲೇ ಗ್ರೀಸ್ ತುಂಬಿ, ಬೇರಿಂಗ್ ಕೂರಿಸಿ, ಬ್ರೇಕ್ ಡ್ರಮ್ ಸಮೇತ ಸಿದ್ಧಪಡಿಸಿದ ಒಂದು ಹಬ್ಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ. ಹೀಗೆ ತಂದರೆ ರಸ್ತೆ ಬದಿಯಲ್ಲಿ ಬೇರಿಂಗ್ ಬಡಿದು ಕೂರಿಸುವ ಗೋಳಿಲ್ಲ. ಪೆಟ್ರೋಲ್ ಬಂಕಿನ ಪಕ್ಕ ಗಾಳಿ ತಾಗದ ಕಡೆ ಟ್ರೇಲರ್ ನಿಲ್ಲಿಸಿ ಜ್ಯಾಕ್ ಏರಿಸಿದೆವು. ಚಕ್ರ ಬಿಚ್ಚಿ, ಪಿನ್ ಎಳೆದು, ನಟ್ ತಿರುಗಿಸಿದಾಗ ಹಳೆಯ ಹಬ್ ಕಂದು ಬಣ್ಣದ ಗ್ರೀಸ್ ಸುರಿಸುತ್ತ ಹೊರಬಂತು. ನೀರು ಸೇರಿ ಕೆಟ್ಟ ಗ್ರೀಸ್ ಅದು. ಹಬ್ ಕೂರುವ ಸ್ಪಿಂಡಲ್ ಮೇಲೆ ಗೀರಿರಲಿಲ್ಲ, ಕಾದು ನೀಲಿಗಟ್ಟಿಯೂ ಇರಲಿಲ್ಲ. ಹೊಸದನ್ನು ಕೂರಿಸಿ ನಟ್ ಬಿಗಿದು, ಸ್ವಲ್ಪ ಸಡಿಲಿಸಿ, ಪಿನ್ ಹಾಕಿದೆವು. ಆ ಚಳಿಯಲ್ಲಿ ಬೆರಳುಗಳು ಮಾತು ಕೇಳುವುದಿಲ್ಲ. ಒಬ್ಬ ಕೆಲಸ ಮಾಡುವಾಗ ಮತ್ತೊಬ್ಬ ಕ್ಯಾಬಿನ್‌ನಲ್ಲಿ ಕೈ ಕಾಯಿಸಿಕೊಂಡ. ಸುಮಾರು 80 ಕಿಲೋಮೀಟರ್ ಹೋಗಿ ಚಕ್ರದ ನಟ್‌ಗಳನ್ನು ಮತ್ತೆ ಬಿಗಿದು ನೋಡಿದೆವು. ಮುಟ್ಟಿ ನೋಡದೆ ಹಾಗೇ ಹೋಗಿದ್ದರೆ ಹೆದ್ದಾರಿಯಲ್ಲಿ ಚಕ್ರವೇ ಕಳಚಿ ಬೀಳುವ ಅಪಾಯವಿತ್ತು. ದೂರ ಹೋಗುವವರು ಇಡೀ ಲೇಖನದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ನನಗೆ ಸಂತೋಷ.

ಬಿಲ್ಲಿಂಗ್ಸ್ ದಾಟಿ ಇಂಟರ್‌ಸ್ಟೇಟ್ 90ರಲ್ಲಿ ಲಿವಿಂಗ್ಸ್ಟನ್ ಹತ್ತಿರವಾದಾಗ ಮುಚ್ಚಿದ ಟ್ರೇಲರಿಗೆ ನಿಜವಾದ ಪರೀಕ್ಷೆ ಬಂತು. ಪ್ಯಾರಡೈಸ್ ಕಣಿವೆಯಿಂದ ನುಗ್ಗುವ ಚಳಿಗಾಲದ ಗಾಳಿಗೆ ಈ ಊರು ಹೆಸರುವಾಸಿ. ಗಾಳಿ ಮಿತಿ ಮೀರಿದಾಗ ಎತ್ತರದ ವಾಹನಗಳನ್ನು ಹೆದ್ದಾರಿಯಿಂದ ಇಳಿಸಿ ಊರೊಳಗಿನಿಂದ ಕಳಿಸುತ್ತಾರೆ. ನಮ್ಮನ್ನೂ ಇಳಿಸಿದರು. ಎಡಗಡೆಯಿಂದ ಒಂದೊಂದು ಹೊಡೆತ ಬಿದ್ದಾಗಲೂ ಸ್ಟಿಯರಿಂಗ್ ತಾನಾಗಿ ಎಳೆಯುತ್ತಿತ್ತು. ವೇಗ ತಗ್ಗಿಸುವುದೊಂದೇ ಉಪಾಯ. ಭಾರವನ್ನು ಮುಂದಕ್ಕೆ ಕೂರಿಸಿದ್ದರ ಬೆಲೆ ಅಲ್ಲಿ ತಿಳಿಯಿತು.

ಕುಕ್ ಸಿಟಿಗೆ ಚಳಿಗಾಲದಲ್ಲಿ ಚಕ್ರದ ಗಾಡಿಗೆ ಇರುವುದು ಒಂದೇ ದಾರಿ. ಪೂರ್ವದ ಬೇರ್‌ಟೂತ್ ಹೆದ್ದಾರಿ ಹಿಮದಡಿ ಮುಚ್ಚಿರುತ್ತದೆ. ಹಾಗಾಗಿ ಗಾರ್ಡಿನರ್‌ನಿಂದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೆ ಹೊಕ್ಕು, ಮ್ಯಾಮತ್ ಮತ್ತು ಲಮಾರ್ ಕಣಿವೆ ಹಾದು, ಈಶಾನ್ಯ ದ್ವಾರದಿಂದ ಹೊರಬೀಳಬೇಕು, ಸುಮಾರು 90 ಕಿಲೋಮೀಟರ್. ಈ ರಸ್ತೆಯಲ್ಲಿ ಸ್ನೋಮೊಬೈಲ್ ಸಾಗಿಸಬಹುದು, ಓಡಿಸುವಂತಿಲ್ಲ. 2022ರ ಜೂನ್ ಪ್ರವಾಹದಲ್ಲಿ ಗಾರ್ಡಿನರ್–ಮ್ಯಾಮತ್ ನಡುವಿನ ನದಿದಂಡೆಯ ರಸ್ತೆ ಕೊಚ್ಚಿಹೋಯಿತು. ಬದಲಿಗೆ ಹಳೆಯ ಕುದುರೆಗಾಡಿ ದಾರಿಯನ್ನು ಅಗಲಗೊಳಿಸಿ ಅದೇ ವರ್ಷದ ಅಕ್ಟೋಬರ್ ಕೊನೆಗೆ ತೆರೆದರು. ಅದು ಕಡಿದಾದ ಏರು. ತುಂಬಿದ ಟ್ರೇಲರಿನೊಂದಿಗೆ ಕೆಳಗಿನ ಗೇರಿನಲ್ಲಿ ನಿಧಾನಕ್ಕೆ ಹತ್ತಿದೆವು.

ಲಮಾರ್‌ನಲ್ಲಿ ಕಾಡೆಮ್ಮೆಗಳು ರಸ್ತೆಯ ಮೇಲೆಯೇ ನಡೆದು ಬರುತ್ತಿದ್ದವು. ಆಳದ ಹಿಮದಲ್ಲಿ ನಡೆಯುವುದಕ್ಕಿಂತ ಹಿಮ ತೆಗೆದ ರಸ್ತೆ ಅವಕ್ಕೂ ಸಲೀಸು. ಇಕ್ಕೆಲದಲ್ಲೂ ಹಿಮದ ಗೋಡೆ, ಟ್ರೇಲರ್ ತಿರುಗಿಸಲು ಜಾಗವಿಲ್ಲ. ದೂರದಲ್ಲೇ ನಿಲ್ಲಿಸಿ ಅವು ಹಾದುಹೋಗುವವರೆಗೆ ಕಾದೆವು. ಒಂದೊಂದರ ಮೋರೆಯ ಮೇಲೂ ಹಿಮ ಗಡ್ಡೆಗಟ್ಟಿತ್ತು. 1995ರಲ್ಲಿ ತೋಳಗಳನ್ನು ಮರಳಿ ತಂದು ಬಿಟ್ಟದ್ದೂ ಇದೇ ಕಣಿವೆಯಲ್ಲಿ. ರಸ್ತೆ ಬದಿ ದೂರದರ್ಶಕ ನೆಟ್ಟು ಅವುಗಳಿಗಾಗಿ ಕಾಯುವವರೂ ಕಂಡರು.

ಕುಕ್ ಸಿಟಿ ಸುಮಾರು 2,320 ಮೀಟರ್ ಎತ್ತರದಲ್ಲಿದೆ, ಸುತ್ತಲಿನ ಸವಾರಿ ಹಾದಿಗಳು 3,000 ಮೀಟರ್ ಮುಟ್ಟುತ್ತವೆ. ಮಿನಿಯಾಪೊಲಿಸ್ ಇರುವುದು 260 ಮೀಟರ್ ಆಸುಪಾಸಿನಲ್ಲಿ. ಗಾಳಿ ತೆಳುವಾದಂತೆ ಟರ್ಬೊ ಇಲ್ಲದ ಎಂಜಿನ್ ಕಾಲುಭಾಗದಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಇಂಧನದ ಅಳತೆಯನ್ನು ಈಗಿನ ಗಾಡಿಗಳು ತಾವೇ ಸರಿಮಾಡಿಕೊಳ್ಳುತ್ತವೆ, ಕ್ಲಚ್ ಮಾತ್ರ ನಾವೇ ಹೊಂದಿಸಬೇಕು. ಅದರೊಳಗಿನ ಬಯಲಿಗೆ ಹೊಂದುವ ತೂಕಗಳನ್ನು ತೆಗೆದು ಹಗುರವಾದವನ್ನು ಹಾಕಿದೆವು.

ಬೆಳಿಗ್ಗೆ ಗ್ಯಾಲಟಿನ್ ಅವಲಾಂಚ್ ಕೇಂದ್ರದ ಮುನ್ಸೂಚನೆ ಓದಿದೆವು. ಹಿಮಕುಸಿತದ ಅಪಾಯ ಐದರಲ್ಲಿ ಮೂರನೆಯ ಮಟ್ಟದ್ದು. ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚಲು ಸಂಕೇತ ಕಳಿಸುವ ಬೀಕನ್‌ಗಳನ್ನು ಒಬ್ಬೊಬ್ಬರದಾಗಿ ಪರೀಕ್ಷಿಸಿ, ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು ಬೆನ್ನಿಗೇರಿಸಿ, 30 ಡಿಗ್ರಿಗಿಂತ ಕಡಿದಾದ ಇಳಿಜಾರು ಮುಟ್ಟುವುದಿಲ್ಲ, ಅವುಗಳ ಕೆಳಗೂ ನಿಲ್ಲುವುದಿಲ್ಲ ಎಂದು ಮಾತಾಡಿಕೊಂಡು ಡೇಸಿ ಪಾಸ್ ಕಡೆ ಹೊರಟೆವು. ತೆರೆದ ಹುಲ್ಲುಗಾವಲುಗಳಲ್ಲಿ ರಾತ್ರಿ ಬಿದ್ದ ಹಿಮ ವಿಂಡ್‌ಶೀಲ್ಡ್ ಮೀರಿ ಎದೆಗೆ ಬಡಿಯುತ್ತಿತ್ತು. ಕ್ಲಚ್ ಸರಿಯಾಗಿ ಹಿಡಿಯುತ್ತಿತ್ತು, ಎಂಜಿನ್ ಎಲ್ಲೂ ಏದುಸಿರು ಬಿಡಲಿಲ್ಲ. ನಾನು ಕೂಗಿದ್ದು ಹೆಲ್ಮೆಟ್ ಒಳಗೇ ಉಳಿಯಿತು.

ವಾಪಸ್ ಬರುವಾಗ ಬಿಲ್ಲಿಂಗ್ಸ್‌ನಲ್ಲಿ ಟ್ರಕ್ಕಿನ ಮತ್ತು ಟ್ರೇಲರಿನ ಅಡಿಭಾಗವನ್ನು ಬಿಸಿನೀರಿನಿಂದ ತೊಳೆಸಿದೆವು. ಊರು ಸೇರಿದ ಮೇಲೆ ಕೆಟ್ಟ ಹಬ್ಬನ್ನು ಟ್ರೇಲರ್ ಬಾಡಿಗೆಗೆ ಕೊಟ್ಟವರ ಮೇಜಿನ ಮೇಲಿಟ್ಟು, ಉಳಿದ ಮೂರು ಚಕ್ರಗಳ ಬೇರಿಂಗ್‌ಗಳನ್ನೂ ಬಿಚ್ಚಿ ನೋಡುವಂತೆ ಹೇಳಿ ಬಂದೆವು.