ಹಳೇದನ್ನು ಬಿಡೋದು ಅಂದ್ರೆ

ನಿನ್ನೆ ರಾತ್ರಿ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಈಸ್ಟರ್ ಜಾಗರಣೆ, ಅಂದ್ರೆ ಯೇಸು ಸತ್ತು ಎದ್ದ ಹಬ್ಬದ ಹಿಂದಿನ ರಾತ್ರಿಯ ಪೂಜೆ. ಹೊಸ ಬೆಂಕಿ ಹಾಕಿ, ಅದರಿಂದ ದೊಡ್ಡ ಮೇಣದಬತ್ತಿ ಹಚ್ಚಿದರು. ಅದರ ಮೇಲೆ ಶಿಲುಬೆ, ಈ ವರ್ಷದ ಅಂಕಿ, ಜೊತೆಗೆ ಯೇಸುವಿನ ಐದು ಗಾಯಗಳ ಗುರುತಿಗೆ ಚುಚ್ಚಿದ ಐದು ಧೂಪದ ಕಾಳು. ಸತ್ತು ಎದ್ದ ಮೇಲೂ ಗಾಯ ಹಾಗೇ ಇತ್ತು, ನಂಬದೆ ಇದ್ದ ಶಿಷ್ಯ ತೋಮನಿಗೆ ತೋರಿಸಿದ್ದೂ ಅದನ್ನೇ ಅಲ್ವಾ!

ಹೊಸ ಮನುಷ್ಯ ಆಗೋದು ಅಂದ್ರೆ ಹಿಂದಿನದೆಲ್ಲ ಮರೆತುಬಿಡೋದು ಅಂತ ಜಾಸ್ತಿ ಜನ ಹೇಳುತ್ತಾರೆ, ನನಗೆ ಅದು ಸರಿ ಅನ್ನಿಸುವುದಿಲ್ಲ, ಯಾಕಂದ್ರೆ ಸಂತ ಪೌಲರೇ ತಾವು ಒಂದು ಕಾಲದಲ್ಲಿ ಧರ್ಮಸಭೆಯನ್ನು, ಅಂದ್ರೆ ಕ್ರೈಸ್ತರ ಸಮುದಾಯವನ್ನು, ಹಿಂಸಿಸಿದವರು ಅಂತ ತಮ್ಮ ಪತ್ರಗಳಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಮರೆತಿರಲಿಲ್ಲ. ಹೊತ್ತುಕೊಂಡು ತಿರುಗೋದು ಬಿಟ್ಟಿದ್ದರು, ಅಷ್ಟೇ.

ಜ್ಞಾನಸ್ನಾನದ, ಅಂದ್ರೆ ಕ್ರೈಸ್ತರಾಗುವಾಗ ನೀರಿನಿಂದ ಪಡೆಯುವ ದೀಕ್ಷೆಯ, ವಾಗ್ದಾನ ಮತ್ತೆ ಹೇಳುವಾಗ ಫ್ಯಾನ್ ಗಾಳಿಗೆ ನನ್ನ ಬತ್ತಿ ಆರಿತು. ಪಕ್ಕದ ಅಜ್ಜಿ ಏನೂ ಹೇಳದೆ ತಮ್ಮದನ್ನು ವಾಲಿಸಿದರು, ಮೇಣ ಬೆರಳಿಗೆ ಬಿದ್ದು ಚುರ್ ಅಂತು.

ತೋಟದ ಬೇಲಿ ವಿಷಯಕ್ಕೆ ಮಾತು ಬಿಟ್ಟಿದ್ದ ಚಿಕ್ಕಪ್ಪನನ್ನು ಇವತ್ತು ಹಬ್ಬದ ಊಟಕ್ಕೆ ಕರೆದಿದ್ದೇನೆ. ಬೇಲಿ ಅವರು ಒತ್ತಿದ್ದು ನಿಜ, ಬೇಕಾದರೆ ಈಗಲೂ ಹೇಳುತ್ತೇನೆ. ಊಟದ ಮಧ್ಯೆ ಮಾತ್ರ ಹೇಳಲ್ಲ.