ಚಂದ್ರಗಿರಿ ದಾರಿಯ ಬಸ್ಸು

ನವೆಂಬರ್ ಕೊನೆಯ ವಾರ ಅಕ್ಕಲಕೋಟೆಯ ಗೆಳತಿಯ ಫೋನು ಬಂತು. "ಅವ್ವಗ ಒಮ್ಮೆ ಸಮುದ್ರ ತೋರಸಬೇಕ್ರೀ ಟೀಚರ್" ಅಂದರು. ಅವರ ಅಮ್ಮನಿಗೆ ಎಪ್ಪತ್ತು ದಾಟಿದೆ. ಪಂಢರಪುರ, ತುಳಜಾಪುರ, ಶ್ರೀಶೈಲ ಎಲ್ಲ ಆಗಿದೆ. ಸಮುದ್ರ ಮಾತ್ರ ಆಗಿಲ್ಲ.

ನಾವಿಬ್ಬರೂ ಕನ್ನಡ ಶಾಲೆಯ ಟೀಚರುಗಳು. ಅವರದು ಸೊಲ್ಲಾಪುರ ಜಿಲ್ಲೆ, ಮಹಾರಾಷ್ಟ್ರ. ನನ್ನದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಕೇರಳ. ಬೆಂಗಳೂರಿನ ಒಂದು ತರಬೇತಿಯಲ್ಲಿ ಪಕ್ಕಪಕ್ಕ ಕೂತಿದ್ದೆವು. "ನಿಮ್ಮಲ್ಲಿ ಪಠ್ಯಪುಸ್ತಕ ಯಾವಾಗ ಬರುತ್ತೆ?" ಅಂತ ಕೇಳಿದ್ದೇ ಸ್ನೇಹಕ್ಕೆ ಸಾಕಾಯಿತು. ಗಡಿನಾಡಿನವರಿಗೆ ಅದಕ್ಕಿಂತ ಜಾಸ್ತಿ ಪರಿಚಯ ಬೇಕಾಗುವುದಿಲ್ಲ.

"ಬನ್ನಿ, ಅದಕ್ಕೇನು" ಅಂದೆ. ಆಮೇಲೆ ಅವರು ಎರಡು ಮಾತು ಸೇರಿಸಿದರು. ರಜೆ ಸಿಗುವುದು ಒಂದೂವರೆ ದಿನಕ್ಕೆ ಮಾತ್ರ. ಮತ್ತೆ, ಕಾರು ಬೇಡ. ಅವ್ವನಿಗೆ ಕಾರಿನಲ್ಲಿ ಕಿಟಕಿ ಹಾಕಿದರೆ ಹತ್ತೇ ನಿಮಿಷಕ್ಕೆ ವಾಂತಿ. ಬಸ್ಸಿನಲ್ಲಿ, ರೈಲಿನಲ್ಲಿ ಎಷ್ಟು ದೂರ ಬೇಕಾದರೂ ಕೂರುತ್ತಾರೆ.

ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ಒಂದು ಜೀಪು ಮಾಡಿದರೆ ಮುಗೀತಲ್ಲ" ಅಂದರು. ನನಗೆ ಹಟ ಬಂತು. ಹುಟ್ಟಿದ್ದು ಇಲ್ಲಿ, ಇಪ್ಪತ್ತು ವರ್ಷದಿಂದ ದಿನಾ ಬಸ್ಸಿನಲ್ಲೇ ಓಡಾಡುವವಳು. ನಾನು ನನ್ನ ಊರನ್ನು ಬಸ್ಸಿನಲ್ಲಿ ತೋರಿಸಲಾರೆನಾ?

ಒಂದು ಉದ್ದದ ಹಾಳೆ ತೆಗೆದು ಪ್ಲಾನು ಬರೆಯಲು ಕೂತೆ. ವಿಜಯಪುರದಲ್ಲಿ ಮಧ್ಯಾಹ್ನ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ ಮಂಗಳೂರು. ಅಲ್ಲಿಂದ ಕಾಸರಗೋಡಿಗೆ 50 ಕಿಲೋಮೀಟರು. ಕೇರಳದ್ದೋ ಕರ್ನಾಟಕದ್ದೋ ಸರಕಾರಿ ಬಸ್ಸು ಯಾವಾಗಲೂ ಇರುತ್ತದೆ. ವಾರ ಶನಿವಾರ ಅಂತ ಇಟ್ಟೆ. ಶುಕ್ರವಾರವಾದರೆ ಜುಮಾದ ಹೊತ್ತಿಗೆ ಪೇಟೆಯಲ್ಲಿ ಅರ್ಧಕ್ಕರ್ಧ ಅಂಗಡಿ ಮುಚ್ಚಿರುತ್ತದೆ, ಆಟೋ ಸಿಗುವುದೂ ಕಷ್ಟ. ತಿಂಗಳು ಡಿಸೆಂಬರು ಆದದ್ದು ಒಳ್ಳೆಯದೇ ಆಯಿತು. ಮಳೆಗಾಲದಲ್ಲಾದರೆ ಸಮುದ್ರ ನೋಡಬಹುದು, ಕಾಲು ಇಡುವ ಹಾಗಿಲ್ಲ.

ಇಷ್ಟು ಬರೆದಾಗ ಧೈರ್ಯ ಬಂತು. ಶನಿವಾರ ಮಧುರು ದೇವಸ್ಥಾನ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಕಡಲಬದಿಯ ಬೇಕಲ ಕೋಟೆ. ಭಾನುವಾರ ಅನಂತಪುರದ ಸರೋವರ ಕ್ಷೇತ್ರ, ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ. ಫೋನಿನ ಮ್ಯಾಪು ಎಲ್ಲಕ್ಕೂ ಇಪ್ಪತ್ತು ನಿಮಿಷ, ಮೂವತ್ತು ನಿಮಿಷ ಅನ್ನುತ್ತಿತ್ತು. ಮ್ಯಾಪಿಗೇನು, ಅದು ಸ್ಟ್ಯಾಂಡಿನಲ್ಲಿ ನಿಂತು ಬಸ್ಸು ಕಾಯುವುದಿಲ್ಲ. ಬಸ್ಸು ಇಳಿದು ಆಟೋ ಹುಡುಕುವುದಿಲ್ಲ. ಎಪ್ಪತ್ತು ದಾಟಿದವರನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗುವುದಿಲ್ಲ. ಇವನ್ನೆಲ್ಲ ಸೇರಿಸಿದಾಗ ಬೇಕಲದ 16 ಕಿಲೋಮೀಟರಿಗೇ ಒಂದೂವರೆ ಗಂಟೆ ಆಯಿತು. ಬ್ಯಾಗು ಎಲ್ಲಿಡುವುದು? ಅದಕ್ಕೆ ಬಸ್‌ಸ್ಟ್ಯಾಂಡಿನ ಎದುರು ಪರಿಚಯದ ಬಟ್ಟೆ ಅಂಗಡಿಯವರಿಗೆ ಹೇಳಿಟ್ಟೆ. ಇನ್ನು ಸಂಜೆ. ಕಾರಿದ್ದವರಿಗೆ ಸೂರ್ಯ ಮುಳುಗುವುದು ಎಷ್ಟು ಗಂಟೆಗೆ ಅನ್ನುವುದು ಮುಖ್ಯ. ನನಗೆ ಅದಾದ ಮೇಲಿನ ಬಸ್ಸು ಮುಖ್ಯ. ನಮ್ಮ ಮನೆ ಇರುವುದು ಕಡಲಿನಿಂದ ಮೇಲೆ, ಬದಿಯಡ್ಕ ರಸ್ತೆಯಲ್ಲಿ. ಕತ್ತಲಾದ ಮೇಲೆ ಬಸ್ಸುಗಳು ತೆಳುವಾಗುತ್ತ ಹೋಗುತ್ತವೆ.

ಶನಿವಾರ ಅವರು ಕಾಸರಗೋಡಿಗೆ ಬರುವಾಗ ಹನ್ನೆರಡೂವರೆ. ನನ್ನ ಹಾಳೆಯಲ್ಲಿ ಹನ್ನೊಂದೂವರೆ ಅಂತಿತ್ತು. ಅವ್ವ ಬಸ್ಸಿನಿಂದ ಇಳಿದದ್ದೇ ನನ್ನ ಕೈ ಹಿಡಿದು, "ರಾತ್ರಿ ಪೂರಾ ಕೂತು ಬಂದೀವಿ ನೋಡವ್ವ, ಒಂದ್ ಸಲಾನೂ ವಾಂತಿ ಆಗಿಲ್ಲ" ಅಂದರು. ಕೈಯಲ್ಲಿ ಬಟ್ಟೆಯ ಗಂಟು. ಅದರಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಬ್ಯಾಗನ್ನು ಅಂಗಡಿಯಲ್ಲಿ ಇಟ್ಟೆವು. ಗಂಟನ್ನು ಮಾತ್ರ ಅವರು ಬಿಡಲಿಲ್ಲ.

ಊಟ ಆಗುವಾಗ ಒಂದೂವರೆ. "ಈಗ ಮಧುರು, ಗಣಪತಿ ದೇವಸ್ಥಾನ, ಎಂಟು ಕಿಲೋಮೀಟರು" ಅಂತ ಶುರು ಮಾಡಿದೆ. ಅವ್ವ ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ದೇವರು ನಮ್ಮ ಕಡೀನೂ ಅದಾನ. ಸಮುದ್ರ ಎಲ್ಲದ, ಅದನ್ ಹೇಳು" ಅಂದರು. ಹಾಳೆಯ ಎರಡು ಸಾಲು ಅಲ್ಲಿಗೇ ಹೋಯಿತು.

ಬೇಕಲಕ್ಕೆ ಹೋಗಲು ಕಾಞಂಗಾಡಿನ ಬಸ್ಸು ಹತ್ತಬೇಕು. ನಾವು ಕನ್ನಡದವರು ಹೊಸದುರ್ಗ ಅನ್ನುವ ಊರು ಅದೇ. ಅಲ್ಲಿಗೆ ದಾರಿ ಎರಡು. ಒಂದು ಚಂದ್ರಗಿರಿ ಹೊಳೆಯ ಸೇತುವೆ ದಾಟಿ ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು, ಬೇಕಲ ಅಂತ ಕಡಲಿಗೆ ತಾಗಿಕೊಂಡೇ ಹೋಗುತ್ತದೆ. ಇನ್ನೊಂದು ಹೆದ್ದಾರಿ. ಚೆರ್ಕಳ, ಚಟ್ಟಂಚಾಲು, ಪೊಯಿನಾಚಿ, ಪೆರಿಯ ಅಂತ ಒಳಗಿನಿಂದ ಸುತ್ತಿ ಬರುತ್ತದೆ. ಆ ದಾರಿಯಲ್ಲಿ ಸಮುದ್ರ ಹುಡುಕಿದರೂ ಸಿಗುವುದಿಲ್ಲ. ಎರಡೂ ಬಸ್ಸು ಒಂದೇ ಸ್ಟ್ಯಾಂಡಿನಿಂದ ಹೊರಡುತ್ತವೆ. ಕ್ಲೀನರು ಎರಡಕ್ಕೂ "ಕಾಞಂಗಾಡ್, ಕಾಞಂಗಾಡ್" ಅಂತಲೇ ಕೂಗುತ್ತಾನೆ. ಇದನ್ನು ನಾನು ಗೆಳತಿಗೆ ವಾಟ್ಸಾಪಿನಲ್ಲಿ ಮೂರು ಸಲ ಬರೆದಿದ್ದೆ. ಅಕಸ್ಮಾತ್ ನಾನು ಬರುವುದು ತಡವಾದರೆ ಅವರು ತಪ್ಪು ಬಸ್ಸು ಹತ್ತಬಾರದಲ್ಲ.

ಬಸ್ಸು ಬಂತು. ಸೀಟು ಖಾಲಿ ಇತ್ತು. ಅವ್ವನನ್ನು ಕಿಟಕಿ ಬದಿ ಕೂರಿಸಿದೆ. ಕಂಡಕ್ಟರ್ ಬಂದಾಗ ನಾನು ಪರ್ಸಿಗೆ ಕೈ ಹಾಕುವ ಮೊದಲೇ ಅವ್ವ ನೋಟು ಚಾಚಿದರು. "ಮೂರು ಅರ್ಧಾ ಕೊಡಪ್ಪ."

ಕಂಡಕ್ಟರ್ ಸುತ್ತ ನೋಡಿದ. ಮಕ್ಕಳೆಲ್ಲಿ ಅಂತ.

ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ 2023ರಿಂದ ಹೆಂಗಸರಿಗೆ ಅರ್ಧ ಟಿಕೆಟು. ಅವ್ವನ ಪ್ರಕಾರ ಅದು ಲೋಕದ ನಿಯಮ. ಕರ್ನಾಟಕದಲ್ಲಿ ಅದೇ ವರ್ಷ ಪೂರ್ತಿ ಫ್ರೀ ಮಾಡಿದರು, ಆದರೆ ಅದು ಆ ರಾಜ್ಯದವರಿಗೆ. ವಿಜಯಪುರದ ಬಸ್ಸಿನಲ್ಲಿ ಆಧಾರ್ ತೋರಿಸಿ ಪೂರ್ತಿ ದುಡ್ಡು ಕೊಟ್ಟ ಸಿಟ್ಟು ಅವರಿಗೆ ಇನ್ನೂ ಇಳಿದಿರಲಿಲ್ಲ. "ಅಜ್ಜೀ, ಇಲ್ಲಿ ಗಂಡಸರಿಗೂ ಫುಲ್, ಹೆಂಗಸರಿಗೂ ಫುಲ್" ಅಂತ ಕಂಡಕ್ಟರ್ ಕನ್ನಡದಲ್ಲೇ ಹೇಳಿದ. ಅವ್ವನಿಗೆ ದುಡ್ಡು ಹೋದದ್ದಕ್ಕಿಂತ ಕೇರಳದಲ್ಲಿ ಕಂಡಕ್ಟರು ಕನ್ನಡ ಆಡಿದ್ದೇ ದೊಡ್ಡದಾಯಿತು. ಅವನ ಊರು, ಮನೆ, ಮದುವೆ ಎಲ್ಲ ವಿಚಾರಿಸಿದರು. ನಾನೂ ಆ ಮಾತಿನಲ್ಲೇ ಇದ್ದೆ. ಅಣಂಗೂರು ಹೋಯಿತು, ವಿದ್ಯಾನಗರ ಹೋಯಿತು, ನಾಯ್ಮಾರಮೂಲೆ ಹೋಯಿತು. ನನಗೆ ಏನೂ ಅನ್ನಿಸಲಿಲ್ಲ. ದಿನಾ ನೋಡುವ ಅಂಗಡಿಗಳು, ದಿನಾ ನೋಡುವ ಹೆದ್ದಾರಿ ಕೆಲಸ.

ದಿನಾ ನೋಡುವುದು ಯಾಕೆ ಅಂದರೆ ಅದು ನಮ್ಮ ಮನೆಗೆ ಹೋಗುವ ದಾರಿ.

ಚೆರ್ಕಳದಲ್ಲಿ ನಮ್ಮ ಕಡೆಗೆ ಎಡಕ್ಕೆ ತಿರುಗಬೇಕು. ಬಸ್ಸು ತಿರುಗಲಿಲ್ಲ. ನನ್ನ ಹೊಟ್ಟೆಯೊಳಗೆ ಧಸಕ್ಕೆಂದಿತು. ಮೊದಲು ಬಂದ ಯೋಚನೆ, ಅಯ್ಯೋ, ಮನೆ ದಾರಿ ತಪ್ಪಿತಲ್ಲ ಅಂತ. ಆಮೇಲೆ ನೆನಪಾಯಿತು, ನಾವು ಹೊರಟದ್ದು ಮನೆಗಲ್ಲ. ಚಂದ್ರಗಿರಿ ದಾರಿ ಅಂತ ಮೂರು ಸಲ ಬರೆದವಳು ನಾನೇ ಹೆದ್ದಾರಿ ಬಸ್ಸು ಹತ್ತಿಸಿದ್ದೆ. ಕಂಡಕ್ಟರ್ ಕಾಞಂಗಾಡಿಗೇ ಟಿಕೆಟು ಹರಿದಿದ್ದ. ಬೇಕಲ ಅಂತ ನಾನು ಬಾಯಿ ಬಿಟ್ಟಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಹೇಳದೆ ಉಪಾಯವಿರಲಿಲ್ಲ. ಹೇಳಿದೆ. ಗೆಳತಿ ಜೋರಾಗಿ ನಗಲು ಶುರು ಮಾಡಿದರು. ಅಷ್ಟರಲ್ಲಿ ಬಸ್ಸು ತೆಕ್ಕಿಲ್ ಸೇತುವೆಗೆ ಬಂತು. ಕೆಳಗೆ ಅಗಲದ ಹೊಳೆ, ಎರಡೂ ದಡಕ್ಕೆ ತೆಂಗು. "ಇದು ಯಾವ ಹೊಳಿ?" ಅಂದರು. "ಇದೇ ಚಂದ್ರಗಿರಿ. ನಾವು ದಾಟಬೇಕಾದ್ದು ಕೆಳಗಿನ ಸೇತುವೆ. ದಾಟಿದ್ದು ಮೇಲಿನದು." ಅವರು ಒಂದು ಕ್ಷಣ ಲೆಕ್ಕ ಹಾಕಿ, "ಹಂಗಾದ್ರ ಮಹಾಜನ ವರದಿ ಪ್ರಕಾರ ನಾವು ಈಗ ಕರ್ನಾಟಕ ಬಿಟ್ಟು ಕೇರಳಕ್ಕ ಬಂದ್ವಿ ಅಲ್ರೀ?" ಅಂದರು. 1967ರ ಆ ಗಡಿ ವರದಿಯಲ್ಲಿ ಚಂದ್ರಗಿರಿಯ ಬಡಗು ಕರ್ನಾಟಕಕ್ಕೆ, ಅಕ್ಕಲಕೋಟೆಯೂ ಕರ್ನಾಟಕಕ್ಕೆ. ಎರಡೂ ಆಗಲಿಲ್ಲ. ನಮ್ಮಿಬ್ಬರ ನಗು ಕೇಳಿ ಮುಂದಿನ ಸೀಟಿನವರು ತಿರುಗಿ ನೋಡಿದರು.

ಚಟ್ಟಂಚಾಲಿನಲ್ಲಿ ಇಳಿದೆವು. ಅಲ್ಲಿಂದ ಕಳನಾಡಿನ ಕಡೆಗೆ ಇಳಿಯುವ ರಸ್ತೆ ಇದೆ. ಆಟೋದವರು 170 ರೂಪಾಯಿ ಅಂದರು. ಚೌಕಾಸಿ ಮಾಡುವ ಮುಖ ನನಗಿರಲಿಲ್ಲ. ಆಟೋಕ್ಕೆ ಬಾಗಿಲಿಲ್ಲ, ಗಾಳಿ ಬರುತ್ತದೆ, ಅವ್ವನಿಗೆ ವಾಂತಿಯ ಹೆದರಿಕೆ ಇಲ್ಲ. ದಾರಿಯುದ್ದಕ್ಕೂ ಕೆಂಪು ದರೆ ನೋಡಿ, "ಈ ಮಣ್ಣಾಗ ಏನು ಬೆಳೀತಾರ?" ಅಂತ ಕೇಳುತ್ತಿದ್ದರು. ಕೆಳಗೆ ಇಳಿದು ಇನ್ನೊಂದು ಬಸ್ಸು ಹಿಡಿದು ಬೇಕಲ ಮುಟ್ಟುವಾಗ ನಾಲ್ಕು ದಾಟಿತ್ತು.

ಒಂದು ಲೆಕ್ಕದಲ್ಲಿ ಅದು ಒಳ್ಳೆಯದೇ ಆಯಿತು. ಕೋಟೆ 40 ಎಕರೆ, ಒಳಗೆ ನೆರಳು ತೀರಾ ಕಡಿಮೆ. ನನ್ನ ಹಾಳೆಯ ಪ್ರಕಾರ ಎರಡೂವರೆಗೆ ಹೋಗಿದ್ದರೆ ಅವ್ವ ಬಾಗಿಲಿನ ಆಂಜನೇಯನ ಗುಡಿಯಲ್ಲೇ ಕೂತುಬಿಡುತ್ತಿದ್ದರು. ಗೆಳತಿ ಫಲಕ ಓದಿ, "ಅವ್ವಾ, ಇದು ಕೆಳದಿ ಶಿವಪ್ಪ ನಾಯಕ ಕಟ್ಟಿಸಿದ್ದು, 1650ರ ಸುಮಾರಿಗೆ" ಅಂದರು. "ಕೆಳದಿಯವರಂದ್ರ ನಮ್ಮ ಲಿಂಗಾಯತರು ಅಲ್ಲೇನು?" ಅಂತ ಅವ್ವ ಕೂಡಲೇ ಗೋಡೆ ಮುಟ್ಟಿ ನೋಡಿದರು. ಮುರಕಲ್ಲು. ತೂತು ತೂತು. "ಹಿಂಗ ಹುಳಾ ತಿಂದಂಗ ಅದಲ್ಲ ಕಲ್ಲು" ಅಂತ ಒಂದು ತೂತಿನೊಳಗೆ ಬೆರಳು ಹಾಕಿದರು. ಕರಿಕಲ್ಲಿನ ಊರಿನವರು ಅವರು. ಬುರುಜು ಹತ್ತಲು ಮಂಡಿ ಕೇಳಲಿಲ್ಲ. ಗೆಳತಿ ಮಾತ್ರ ಹತ್ತಿ ಬಂದರು.

ಬೀಚಿಗೆ ಬಂದಾಗ ಬಿಸಿಲು ಹಳದಿಯಾಗಿತ್ತು. ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ. ಏನೋ ಹೇಳುತ್ತಾರೆ ಅಂತ. ಅವರು ಏನೂ ಹೇಳಲಿಲ್ಲ. ಚಪ್ಪಲಿ ಬಿಟ್ಟರು, ಸೀರೆ ಎತ್ತಿ ಸಿಕ್ಕಿಸಿದರು, ಗಂಟನ್ನು ಮಗಳ ಕೈಗೆ ಕೊಟ್ಟರು. ತೆರೆ ಬಂದು ನಿಲ್ಲುವ ಗೆರೆಯಲ್ಲಿ ಸರಿಯಾಗಿ ಹೋಗಿ ನಿಂತರು. ಮೊದಲ ನೀರು ಬೆರಳಿಗೆ ಮಾತ್ರ ತಾಗಿತು. ಎರಡನೆಯದು ಹಿಮ್ಮಡಿ ದಾಟಿತು. ಅದು ವಾಪಸು ಹೋಗುವಾಗ ಕಾಲಡಿಯ ಹೊಯಿಗೆಯನ್ನು ಎಳೆದುಕೊಂಡು ಹೋಗುತ್ತದಲ್ಲ, ಆಗ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಬಳೆ ಒತ್ತಿ ನೋವಾಯಿತು. "ನೆಲಾ ಜಾರಲಿಕ್ಕತ್ತದ!" ನಾನು, ಹಾಗೇನಿಲ್ಲ, ಹೊಯಿಗೆ ಅಷ್ಟೆ ಅಂದೆ. ಮತ್ತೊಂದು ತೆರೆ, ಮತ್ತೆ ಹಿಡಿತ. ನಾಲ್ಕನೆಯದಕ್ಕೆ ಹಿಡಿತ ಸಡಿಲಾಯಿತು. ಐದನೆಯದಕ್ಕೆ ಕೈ ಬಿಟ್ಟರು. ಆಮೇಲೆ ಒಬ್ಬರೇ ನಿಂತು, ಪ್ರತಿ ಸಲ ಹಿಮ್ಮಡಿ ಕುಸಿಯುವಾಗ ಸಣ್ಣಗೆ ನಗುತ್ತಿದ್ದರು.

ಬಾಗಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿದರು. ಮುಖ ಹಿಂಡಿತು. "ಉಪ್ಪು ಅಂತ ಗೊತ್ತಿತ್ತು. ಇಷ್ಟೇನು?" ಅಂದರು.

ಆಮೇಲೆ ಹೊಯಿಗೆಯಲ್ಲಿ ಕೂತು ಗಂಟು ಬಿಚ್ಚಿದರು. ಕಡಕ್ ರೊಟ್ಟಿ ಮುರಿದು ಅದರ ಮೇಲೆ ಹಿಂಡಿ ಹಾಕಿ ಕೊಟ್ಟರು. ಗಾಳಿಗೆ ಹಿಂಡಿಯ ಪುಡಿ ಹಾರಿ ನನ್ನ ಕಣ್ಣಿಗೆ ಬಿತ್ತು. ಕುಚ್ಚಲಕ್ಕಿ ಗಂಜಿಯ ಊರಿನವಳು ನಾನು, ಆ ರೊಟ್ಟಿ ಮುರಿಯುವ ಸದ್ದೇ ಹೊಸದು. "ನಿಮ್ಮ ಸಮುದ್ರಕ್ಕ ರಾತ್ರಿನೂ ಬಿಡುವಿಲ್ಲೇನು?" ಅಂತ ಕೇಳಿದರು. ಇಲ್ಲ ಅಂದೆ. ಪಾಪ ಅಂದರು.

ನನ್ನ ಹಾಳೆಯಲ್ಲಿ ಬೀಚಿಗೆ ಮುಕ್ಕಾಲು ಗಂಟೆ ಇತ್ತು. ಅವ್ವ ಎದ್ದದ್ದು ಸೂರ್ಯ ಮುಳುಗಿ, ಆಕಾಶದ ಕೆಂಪೂ ಹೋದ ಮೇಲೆ. ಈ ಸಲ ಬಸ್ಸಿನ ಮುಂದೆ ನಿಂತು "ಚಂದ್ರಗಿರಿ ದಾರಿಯಾ?" ಅಂತ ಎರಡು ಸಲ ಕೇಳಿಯೇ ಹತ್ತಿದೆ. ಅಲ್ಲಿ ಬೇರೆ ದಾರಿಯ ಬಸ್ಸು ಬರುವುದೇ ಇಲ್ಲ. ಕಂಡಕ್ಟರು ನನ್ನನ್ನು ಹೊಸಬಳು ಅಂದುಕೊಂಡಿರಬೇಕು. ಕಾಸರಗೋಡಿನಲ್ಲಿ ಬದಿಯಡ್ಕ ಬಸ್ಸಿಗೆ ಮುಕ್ಕಾಲು ಗಂಟೆ ಕಾದು ಮನೆ ಮುಟ್ಟುವಾಗ ಒಂಬತ್ತು. ಜೀಪಿನ ಮಾತು ಮನೆಯವರು ಎತ್ತಲಿಲ್ಲ. ಚೆರ್ಕಳದ ಕತೆಯನ್ನು ಗೆಳತಿ ಹೇಳಿದಾಗ ಮಾತ್ರ ಅವರ ಊಟ ಅರ್ಧಕ್ಕೇ ನಿಂತಿತು, ಅಷ್ಟು ನಕ್ಕರು.

ಭಾನುವಾರ ಮಧ್ಯಾಹ್ನ ಮಂಗಳೂರಿನಿಂದ ರೈಲು. ಗೋವಿಂದ ಪೈಗಳ ಮನೆಯನ್ನು ನಾನೇ ಹೊಡೆದು ಹಾಕಿದೆ. ಬೆಳಿಗ್ಗೆ ಬೇಗ ಬದಿಯಡ್ಕದಿಂದ ಕುಂಬಳೆಯ ಬಸ್ಸು ಹತ್ತಿ ನಾಯ್ಕಾಪಿನಲ್ಲಿ ಇಳಿದು ಆಟೋದಲ್ಲಿ ಅನಂತಪುರಕ್ಕೆ ಹೋದೆವು. ಕೆರೆಯ ನಡುವಿನ ಗುಡಿ, ಸುತ್ತ ಮುರಕಲ್ಲಿನ ಪಾರೆ. ಬಬಿಯಾ ಅನ್ನುವ ಮೊಸಳೆಯ ಕತೆ ಹೇಳಿದೆ. ದೇವರ ನೈವೇದ್ಯದ ಅನ್ನವನ್ನೇ ತಿನ್ನುತ್ತಿತ್ತು, 2022ರ ಅಕ್ಟೋಬರಿನಲ್ಲಿ ಸತ್ತಿತು, ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು ಅಂತ. ಅವ್ವ ಯೋಚಿಸಿ, "ಮೊಸಳಿಗೂ ಅನ್ನಾನೇ? ಪಾಪ, ಇಲ್ಲಿ ಜ್ವಾಳಾ ಬೆಳಿಯಂಗಿಲ್ಲಲ್ಲ" ಅಂದರು. ಹೊಸ ಮೊಸಳೆ ನಮಗೆ ಕಾಣಿಸಲಿಲ್ಲ.

ಕುಂಬಳೆಯಲ್ಲಿ ಮಂಗಳೂರು ಬಸ್ಸು ಬಂದಾಗ ಬ್ಯಾಗುಗಳನ್ನು ನಾನು ಎತ್ತಿ ಕೊಟ್ಟೆ. ಅವ್ವನ ಗಂಟಿನಲ್ಲಿ ಈಗ ರೊಟ್ಟಿ ಇರಲಿಲ್ಲ. ಬಾಟಲಿಯಲ್ಲಿ ಸಮುದ್ರದ ನೀರು ಇತ್ತು. ಯಾವಾಗ ತುಂಬಿಸಿಕೊಂಡರೋ ನಾನು ನೋಡಲೇ ಇಲ್ಲ. ಬಸ್ಸು ಹೊರಡುವಾಗ ಕಿಟಕಿಯಿಂದ ಕೇಳಿಸಿತು. ಕಂಡಕ್ಟರು ಹತ್ತಿರ ಬರುವ ಮೊದಲೇ ಅವ್ವ ಕೂಗಿ ಹೇಳುತ್ತಿದ್ದರು, "ಎರಡು ಫುಲ್ ಕೊಡಪ್ಪ, ಎರಡು ಫುಲ್."