ಬಿಚ್ಚಿಟ್ಟ ಜೀಪಿಗೆ ಗಿರಾಕಿ ಹುಡುಕುವುದು

ಬೆಳಗಾವಿಯಲ್ಲಿ ಹಳೇ ಗಾಡಿ ಕೊಡಿಸುವುದು, ಮಾರಿಸುವುದು ನನ್ನ ಕೆಲಸ. ಸ್ವಿಫ್ಟ್, ಬೊಲೆರೊ ಬಂದರೆ ತಲೆಬಿಸಿ ಇಲ್ಲ. ಮಾಡೆಲ್ ಯಾವುದು, ಎಷ್ಟು ಓಡಿದೆ, ಎಷ್ಟನೇ ಓನರ್ ಅಂತ ಹೇಳಿದರೆ ರೇಟ್ ತಾನಾಗಿಯೇ ಬರುತ್ತದೆ. ಅರ್ಧ ಬಿಚ್ಚಿ ಬಿಟ್ಟ ಫೋರ್ ವೀಲ್ ಜೀಪ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಜೀಪ್, ಮಾರುವುದು ಮಾತ್ರ ಬೇರೆಯದೇ ವ್ಯಾಪಾರ. ಅದಕ್ಕೆ ರೇಟೂ ಇಲ್ಲ, ಕಿಲೋಮೀಟರೂ ಇಲ್ಲ. ಮೀಟರ್ ಯಾವ ಕಾಲಕ್ಕೋ ನಿಂತಿರುತ್ತದೆ.

ನಮ್ಮ ಕಡೆ ಇಂಥ ಗಾಡಿ ಇನ್ನೂ ಸಿಗುತ್ತವೆ. ಕಬ್ಬಿನ ಹೊಲದ ಕೆಸರು, ಜಾಂಬೋಟಿ ಕಡೆಯ ಮಳೆ, ಚೋರ್ಲಾ ಘಾಟ್ ದಾರಿ ಇವೆಲ್ಲ ಇದ್ದ ಮೇಲೆ ಜೀಪ್ ಇರಲೇಬೇಕಲ್ವಾ? ಈಗ ಅವು ದನದ ಕೊಟ್ಟಿಗೆಯ ಪಕ್ಕದ ಶೆಡ್‌ಗಳಲ್ಲಿ ನಿಂತಿವೆ. ಕೇಳುವವರೂ ಇದ್ದಾರೆ. ಗೋವಾದಿಂದ ಬರುತ್ತಾರೆ, ಕೊಲ್ಹಾಪುರದಿಂದ ಬರುತ್ತಾರೆ. ಆದರೆ ಕೇಳುವವರು ಬೇರೆ, ದುಡ್ಡು ಎಣಿಸುವವರು ಬೇರೆ.

ಈಚೆಗೆ ಹುಕ್ಕೇರಿ ಕಡೆಯ ಒಂದು ಮಹೀಂದ್ರ ಸಿಜೆ-3ಬಿ ಮಾರಿಸಿದೆ. 1974ರಲ್ಲಿ ರಿಜಿಸ್ಟರ್ ಆದದ್ದು. ಬಾನೆಟ್ ಎತ್ತರ ಇರುತ್ತದಲ್ಲ, ಅದೇ ಜೀಪ್. ಹರಿಕೇನ್ ಅನ್ನುವ 2.2 ಲೀಟರ್ ಪೆಟ್ರೋಲ್ ಎಂಜಿನ್ ಹಳೆಯದಕ್ಕಿಂತ ಎತ್ತರವಾಗಿತ್ತು. ಅದನ್ನು ಕೂರಿಸಲು ವಿಲ್ಲೀಸ್ ಕಂಪನಿ 1953ರಲ್ಲಿ ಬಾನೆಟ್ಟನ್ನೇ ಎತ್ತರಿಸಿತು. ಅಮೆರಿಕದಲ್ಲಿ ಅದು 1968ಕ್ಕೆ ನಿಂತಿತು. ಮಹೀಂದ್ರ ಮಾತ್ರ ಅದೇ ಮುಖವನ್ನು ದಶಕಗಳ ಕಾಲ ಬಿಡಲಿಲ್ಲ. ನಮ್ಮಂಥವರಿಗೆ ಇದರಿಂದ ಒಳ್ಳೆಯದೇ ಆಯಿತು. ಬ್ರೇಕ್ ಸಾಮಾನು, ಬೇರಿಂಗ್, ರಬ್ಬರ್ ಇವತ್ತಿಗೂ ಸಿಗುತ್ತವೆ.

ಗಾಡಿ ಮಾರಲು ಬಂದವನ ಅಪ್ಪನದು. ಅಪ್ಪ ತೀರಿಕೊಂಡಿದ್ದಾರೆ. ಮಗ ಅದನ್ನು ಹೊಸದು ಮಾಡಬೇಕೆಂದು ಬಿಚ್ಚಿದ್ದಾನೆ. ಬಾಡಿ ಬೇರೆ, ಚಾಸಿಸ್ ಬೇರೆ, ನಟ್-ಬೋಲ್ಟ್ ಎಲ್ಲ ಎಣ್ಣೆ ಡಬ್ಬಿಗಳಲ್ಲಿ. ಅಷ್ಟರಲ್ಲಿ ಪುಣೆಯಲ್ಲಿ ಕೆಲಸ ಸಿಕ್ಕಿತು, ಹೋದ. ಅವನ ಮೊದಲ ಮಾತು ಇದು: “ಅಣ್ಣಾ, ಇದು ವಿಂಟೇಜ್ ಐತ್ರಿ. ನೆಟ್‌ನ್ಯಾಗ ನೋಡ್ರಿ, ಹತ್ತ್ ಲಕ್ಷಕ್ಕ ಹೋಗ್ಯಾವ.”

ನಾನು ಹೇಳಿದೆ: “ಹೋಗಿರಬೌದ್ರಿ. ಅವು ಓಡೋ ಗಾಡಿ. ನಿಮ್ದು ಡಬ್ಬಿಯೊಳಗ ಐತಿ.”

ವಿಂಟೇಜ್ ಅನ್ನುವುದು ಸುಮ್ನೆ ಹೊಗಳಿಕೆಯ ಮಾತಲ್ಲ, ಅದಕ್ಕೆ ಕಾನೂನಿದೆ. ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಮೊದಲ ಸಲ ರಿಜಿಸ್ಟರ್ ಆದ ದಿನದಿಂದ 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸದಾಗಿ ವಿಂಟೇಜ್ ನೋಂದಣಿ ಮಾಡಿಸಲು ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರ. ಇಷ್ಟೆಲ್ಲ ಆದ ಮೇಲೂ ಆ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ವಾರಕ್ಕೊಮ್ಮೆ ಹೊಲಕ್ಕೆ ಹೋಗುತ್ತೇನೆ ಅನ್ನುವವನಿಗೆ ಅದರಿಂದ ಉಪಯೋಗವೇ ಇಲ್ಲ. ಹಾಗಾಗಿ ನಾನು ಆ ಪದ ಹೇಳಿ ರೇಟ್ ಏರಿಸುವುದಿಲ್ಲ. ಗಿರಾಕಿ ಅರ್ಧ ತಾಸು ಓದಿಕೊಂಡು ಬಂದರೆ ನಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಶೆಡ್‌ನಲ್ಲಿ ಎರಡು ಎಂಜಿನ್ ಇದ್ದವು. ಒಂದು ಗಾಡಿಯದೇ ಪೆಟ್ರೋಲ್ ಎಂಜಿನ್, ಜಾಮ್ ಆಗಿತ್ತು. ಇನ್ನೊಂದು ಎಂಎಂ 540 ಅನ್ನುವ ಮಹೀಂದ್ರ ಜೀಪಿನಿಂದ ಇಳಿಸಿದ ಪ್ಯೂಜೋ ಡೀಸೆಲ್. ಇದನ್ನು ಕೂರಿಸಿ ಓಡುವ ಹಾಗೆ ಮಾಡಿ ಮಾರೋಣ ಅಂತ ಮಗನ ಲೆಕ್ಕ. ಬೇಡ ಅಂದೆ. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದೆ. ಅನುಮತಿ ಇಲ್ಲದೆ ಎಂಜಿನ್ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜೀಪಿಗೆ ಹೀಗೆ ಡೀಸೆಲ್ ಹಾಕಿದ್ದಾರೆ, ನಿಜ. ಈಗ ಮಾರಲು ಹೋದರೆ ಅಲ್ಲೇ ಸಿಕ್ಕಿ ಬೀಳುತ್ತಾರೆ.

ಪೆಟ್ರೋಲ್ ಎಂಜಿನ್ನಿನ ಮುಂಭಾಗದಲ್ಲಿ, ವಾಟರ್ ಪಂಪಿನ ಹಿಂದೆ, ಬ್ಲಾಕ್ ಮೇಲೆ ಒಂದು ಚಿಕ್ಕ ಉಬ್ಬು ಇರುತ್ತದೆ. ನಂಬರ್ ಅಲ್ಲೇ ಕೊರೆದಿರುತ್ತಾರೆ. ಗ್ರೀಸ್, ಮಣ್ಣು ಸೇರಿ ಗಟ್ಟಿಯಾಗಿ ಕೂತಿತ್ತು. ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ನಿಧಾನಕ್ಕೆ ಒರೆಸಿದೆ. ಪಾಲಿಶ್ ಪೇಪರ್ ಮುಟ್ಟಿಸಲಿಲ್ಲ. ಕೊರೆದ ಅಂಕಿಯ ಮೇಲೆ ಉಜ್ಜಿದ ಗೀರು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಆಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದೆ. ಆರ್‌ಸಿಯ ನಂಬರಿಗೆ ಹೊಂದಿತು. ಚಾಸಿಸ್ಸಿನದೂ ಹೊಂದಿತು. ಇಡೀ ಗಾಡಿಯಲ್ಲಿ ಬೆಲೆ ಬಾಳುವ ವಸ್ತು ಅಂದರೆ ಆ ಎರಡು ಕಾಗದದ ಚೂರು.

ಇನ್ನು ಹೆಸರಿನ ತಕರಾರು. ಆರ್‌ಸಿ ಅಪ್ಪನ ಹೆಸರಲ್ಲೇ ಇತ್ತು. ಅವರೇ ನವೀಕರಣ ಮಾಡಿಸಿದ್ದರಿಂದ ಅವಧಿ ಇನ್ನೂ ಇತ್ತು, ಪುಣ್ಯಕ್ಕೆ. ಅದು ಮುಗಿದಿದ್ದರೆ ಗಾಡಿಯನ್ನು ಪೂರ್ತಿ ಜೋಡಿಸಿ ನಿಲ್ಲಿಸಿ ಇನ್‌ಸ್ಪೆಕ್ಷನ್‌ಗೆ ತೋರಿಸಬೇಕಾಗುತ್ತಿತ್ತು. ಡಬ್ಬಿಯಲ್ಲಿರುವ ಗಾಡಿಯನ್ನು ಏನಂತ ತೋರಿಸುವುದು? ನವೀಕರಣದ ಶುಲ್ಕವೂ 2022ರ ಏಪ್ರಿಲ್‌ನಲ್ಲಿ ಹಳೇ ಕಾರು-ಜೀಪುಗಳಿಗೆ 600ರಿಂದ 5,000ಕ್ಕೆ ಏರಿತ್ತು, 2025ರಲ್ಲಿ 20 ವರ್ಷ ದಾಟಿದವಕ್ಕೆ ಇನ್ನೂ ಏರಿತು.

“ಅಪ್ಪಾರ ಸಹಿ ನಾನ ಹಾಕ್ತೇನ್ರಿ, ಏನಾಗತೈತಿ” ಅಂದ ಮಗ. ಇಂಥದ್ದಕ್ಕೆ ನಾನು ಕೈ ಹಾಕುವುದಿಲ್ಲ. ಮೊದಲು ಫಾರಂ 31ರಲ್ಲಿ ಗಾಡಿ ಮಗನ ಹೆಸರಿಗೆ ಬರಬೇಕು. ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಅಕ್ಕ-ತಂಗಿಯರ ಒಪ್ಪಿಗೆ ಬೇಕು. ಒಬ್ಬ ಅಕ್ಕ ಅಥಣಿಯಲ್ಲಿ, ಅವರಿಗೆ ಗಾಡಿ ಮಾರುವುದೇ ಇಷ್ಟವಿರಲಿಲ್ಲ. ಅಪ್ಪ ಶಾಲೆಗೆ ಬಿಡುತ್ತಿದ್ದ ಜೀಪ್ ಅದು. ಅವರು ಒಪ್ಪುವ ತನಕ ಕಾದೆವು. ಥರ್ಡ್ ಪಾರ್ಟಿ ಇನ್ಶೂರೆನ್ಸನ್ನೂ ಮಾಡಿಸಿದೆವು. ಇಷ್ಟು ಆದ ಮೇಲೆ ಮಾರುವವನ ಹೆಸರಿನದೇ ಆರ್‌ಸಿ ಕೈಯಲ್ಲಿತ್ತು. ಗಿರಾಕಿ ಎದುರು ಕೂತಾಗ ಮಾತಿನ ದನಿಯೇ ಬೇರೆ ಇರುತ್ತದೆ.

ಈಗ ಗಾಡಿಗೆ ಬರೋಣ. ಮಾರುವ ಮುಂಚೆ ಪೇಂಟ್ ಹೊಡೆಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಇಂಥ ಗಾಡಿಗೆ ಬೇಡವೇ ಬೇಡ. ಕೊಳ್ಳುವವನು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ತಂದಿರುತ್ತಾನೆ. ಪುಟ್ಟಿ ತುಂಬಿದ ಕಡೆ ಅದು ಹಿಡಿಯುವುದಿಲ್ಲ. ತುಕ್ಕು ಕಾಣುತ್ತಿದ್ದರೆ ಅವನು ಲೆಕ್ಕ ಹಾಕುತ್ತಾನೆ, ಮುಚ್ಚಿದ್ದರೆ ಹೆದರುತ್ತಾನೆ. ಹೆದರಿದವನು ಕೇಳುವ ರೇಟ್ ಯಾವಾಗಲೂ ಕಡಿಮೆ.

ನಾವು ಮಾಡಿಸಿದ್ದು ಎರಡೇ ಕೆಲಸ. ಒಂದು, ಜಾಮ್ ಆದ ಎಂಜಿನ್. ಪ್ಲಗ್ ಬಿಚ್ಚಿ, ನಾಲ್ಕೂ ಸಿಲಿಂಡರಿಗೆ ಡೀಸೆಲ್ ಹುಯ್ದು ಕೆಲವು ದಿನ ಬಿಟ್ಟೆವು. ದಿನಾ ಒಮ್ಮೆ ಹ್ಯಾಂಡಲ್ ಹಾಕಿ ಮೆಲ್ಲಗೆ ಅಲ್ಲಾಡಿಸುವುದು, ಅಷ್ಟೇ. ಜೋರು ಮಾಡಿದರೆ ರಿಂಗ್ ಮುರಿಯುತ್ತದೆ. ಕೊನೆಗೆ ತಿರುಗಿತು. ‘ಜಾಮ್’ ಅನ್ನುವುದಕ್ಕೂ ‘ತಿರುಗುತ್ತೆ, ಸ್ಟಾರ್ಟ್ ಮಾಡಿಲ್ಲ’ ಅನ್ನುವುದಕ್ಕೂ ರೇಟಿನಲ್ಲಿ ಬಹಳ ಅಂತರ.

ಇನ್ನೊಂದು, ಫೋರ್ ವೀಲ್ ಇದೆಯೋ ಇಲ್ಲವೋ ಅನ್ನುವುದು. ಹಳೇ ಜೀಪುಗಳಲ್ಲಿ ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲರ್ ಶಾಫ್ಟ್ ಬಿಚ್ಚಿ ಇಟ್ಟಿರುವುದು ಮಾಮೂಲಿ. ಇಲ್ಲೂ ಹಾಗೇ, ಶಾಫ್ಟ್ ಅಟ್ಟದ ಮೇಲಿತ್ತು. ತಂದು ಜೋಡಿಸಿದೆವು. ನಾಲ್ಕೂ ಚಕ್ರ ನೆಲ ಬಿಡುವ ಹಾಗೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಬಲವನ್ನು ಹಿಂದಿನ-ಮುಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಎರಡು ಲಿವರ್‌ಗಳಲ್ಲಿ ಮುಂದಿನ ಚಕ್ರದ್ದನ್ನು ಎಂಗೇಜ್ ಮಾಡಿದೆವು. ಮಿಸ್ತ್ರಿ ಹಿಂದಿನ ಶಾಫ್ಟನ್ನು ಕೈಯಿಂದ ತಿರುಗಿಸಿದ, ಮುಂದಿನದೂ ತಿರುಗಿತು. ಆದರೆ ಮುಂದಿನ ಆಕ್ಸಲ್ ಹೌಸಿಂಗ್ ಒಳಗಿಂದ ಸುತ್ತಿಗೊಮ್ಮೆ ‘ಟಕ್’ ಅಂತ ಸದ್ದು. ಕ್ರೌನಿನ, ಅಂದರೆ ಆಕ್ಸಲ್ ಒಳಗಿನ ದೊಡ್ಡ ಗೇರಿನ, ಹಲ್ಲು ಹೋಗಿರಬೇಕು ಅಂದ ಮಿಸ್ತ್ರಿ. ಆ ಸದ್ದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ.

ಆಮೇಲೆ ಅಂಗಳದಲ್ಲಿ ತಾಡಪತ್ರಿ ಹಾಸಿ ಎಲ್ಲ ಸಾಮಾನು ಹರವಿ ಫೋಟೋ ತೆಗೆದೆವು. ಡಬ್ಬಿಗಳ ಮೇಲೆ ಚೀಟಿ ಅಂಟಿಸಿದೆವು. ಜಾಹೀರಾತಿನಲ್ಲಿ ಮೊದಲು ಬರೆದದ್ದು ಏನು ಇಲ್ಲ ಅನ್ನುವುದನ್ನು. ಕಾರ್ಬ್ಯುರೇಟರ್ ಇಲ್ಲ. ವೈರಿಂಗ್ ಇಲ್ಲ. ಡ್ರೈವರ್ ಕಾಲಡಿಯ ತಗಡು ತೂತು. ಸ್ಪ್ರಿಂಗ್ ಪಟ್ಟೆಗಳ ಪಿನ್, ಬುಷ್ ಎಲ್ಲ ಸವೆದಿವೆ. ಮುಂದಿನ ಕ್ರೌನ್ ಸದ್ದು ಮಾಡುತ್ತೆ, ವಿಡಿಯೋ ನೋಡಿ. ಮಗನಿಗೆ ಇದು ಸರಿ ಬರಲಿಲ್ಲ, “ಹಿಂಗ್ ಬರದ್ರ ಯಾರ್ ಬರ್ತಾರ್ರಿ?” ಅಂದ.

ಫೋನ್ ಕಡಿಮೆ ಬಂದವು, ಒಪ್ಪುತ್ತೇನೆ. ಆದರೆ ಬಂದವರು ಸುಮ್ನೆ ಟೈಮ್‌ಪಾಸಿನವರಲ್ಲ. ಗೋವಾದ ಒಬ್ಬರು ಚೆನ್ನಾಗಿಯೇ ಕೊಡುತ್ತಿದ್ದರು. ಆದರೆ ಅವರಿಗೆ ಎಲ್ಲ ಕೆಲಸವನ್ನೂ ಗ್ಯಾರೇಜಿಗೆ ಕೊಟ್ಟು ಮಾಡಿಸಬೇಕು, ಮೇಲೆ ಬೇರೆ ರಾಜ್ಯದ ಎನ್‌ಒಸಿ, ಅಲ್ಲಿನ ತೆರಿಗೆ. ಲೆಕ್ಕ ಹಾಕಿ ಹಿಂದೆ ಸರಿದರು. ಕೊನೆಗೆ ಕೊಂಡವರು ನಮ್ಮೂರ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇತ್ ಯಂತ್ರ ಇಟ್ಟುಕೊಂಡವರು. ಪಟ್ಟಿಯನ್ನು ಬೆರಳಿಟ್ಟು ಓದಿದರು. “ಸಾಹೇಬ್ರ, ಈ ಪಿನ್ನು, ಬುಷ್ಷು ನಂಗೇನ್ ದೊಡ್ಡದಲ್ಲ ಬಿಡ್ರಿ. ಎಂಜಿನ್ ಬೋರ್ ಹೊಡಿಯೋದೂ ಬಾಜೂಕ ಐತಿ. ಕ್ರೌನ್ ಒಂದ್ ಹುಡಕಬೇಕು” ಅಂದರು.

ಈ ವ್ಯಾಪಾರದ ಗುಟ್ಟು ನನ್ನ ಪ್ರಕಾರ ಇಲ್ಲೇ ಇದೆ. ನಾವು ಮಾರುವುದು ಗಾಡಿಗಿಂತ ಜಾಸ್ತಿ ಅದರಲ್ಲಿ ಉಳಿದಿರುವ ಕೆಲಸವನ್ನು. ಆ ಕೆಲಸ ಯಾರಿಗೆ ಅಗ್ಗವೋ ಅವರೇ ಜಾಸ್ತಿ ರೇಟ್ ಕೊಡಬಲ್ಲರು. ತಯಾರಾದ ಜೀಪ್ 6 ಲಕ್ಷಕ್ಕೆ ಹೋಗುತ್ತೆ ಅಂದುಕೊಳ್ಳಿ. ಉಳಿದ ಕೆಲಸ ಒಬ್ಬನಿಗೆ 4 ಲಕ್ಷ ಬಿದ್ದರೆ ಅವನು ನಮಗೆ 2 ಕೊಡಲೂ ಅಳುತ್ತಾನೆ. ಅದೇ ಕೆಲಸ 2 ಲಕ್ಷದಲ್ಲಿ ಮುಗಿಸುವವನು 3 ಕೊಟ್ಟೂ ಗೆಲ್ಲುತ್ತಾನೆ. ಬೆಳಗಾವಿಯಂಥ ಫೌಂಡ್ರಿ, ಲೇತ್‌ಗಳ ಊರಲ್ಲಿ ಅಂಥವರಿಗೆ ಕೊರತೆಯಿಲ್ಲ. ಆದರೆ ಪಟ್ಟಿ ಬರೆದಿಡದಿದ್ದರೆ ಅವರಿಗೆ ಇದು ತಮ್ಮ ಗಾಡಿ ಅಂತ ಗೊತ್ತಾಗುವುದು ಹೇಗೆ?

ಮಗ ತಾನು ಖರ್ಚು ಮಾಡಿದ ಬಿಲ್ಲುಗಳನ್ನೆಲ್ಲ ತಂದಿದ್ದ. ಅವನ್ನು ಚೌಕಾಶಿಗೆ ಬಳಸಬೇಡ, ಗಾಡಿಯ ಜೊತೆ ಕೊಟ್ಟುಬಿಡು ಅಂದೆ. ಯಾವ ಸಾಮಾನು ಹೊಸದು ಅನ್ನುವುದಕ್ಕೆ ಅದು ಸಾಕ್ಷಿ, ಅಷ್ಟೇ. ಮಾತು ಕುದುರಿತು. ಹೆಸರು ಬದಲಾವಣೆಯ ಫಾರಂ 29, 30 ಅಲ್ಲೇ ತುಂಬಿಸಿದೆವು. ಕೊಡುವ ದಿನಾಂಕ, ವೇಳೆ ಹಾಕಿ ಡೆಲಿವರಿ ಪತ್ರ ಬರೆದೆವು. ಗಾಡಿ ಕೊಟ್ಟ ಮೇಲೂ ಹೆಸರು ಬದಲಾಗುವ ತನಕ ನಾನು ಬೆನ್ನು ಬಿಡುವುದಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಪುಣೆಯಲ್ಲಿ ಕೂತ ಹುಡುಗನಿಗೆ ಅದು ಬೇಡ.

ಜೀಪ್ ಕ್ರೇನಿನಲ್ಲಿ ಉದ್ಯಮಬಾಗಕ್ಕೆ ಹೋಯಿತು, ಡಬ್ಬಿಗಳು ಟಾಟಾ ಏಸ್‌ನಲ್ಲಿ. ಆ ಪ್ಯೂಜೋ ಡೀಸೆಲ್ ಎಂಜಿನ್ ಮಾತ್ರ ನನ್ನ ಶೆಡ್‌ನಲ್ಲೇ ಇದೆ. ಎಂಎಂ 540 ಇಟ್ಟುಕೊಂಡವರಿಗೆ ಬೇಕಾದರೆ ಬಂದು ನೋಡಿ. ಕ್ರ್ಯಾಂಕ್ ತಿರುಗುತ್ತೆ. ಡೀಸೆಲ್ ಪಂಪ್ ಇಲ್ಲ, ಸ್ಟಾರ್ಟರ್ ಇಲ್ಲ, ಒಂದು ಮೌಂಟಿಂಗ್ ಮುರಿದಿದೆ.